ಪೆಟ್ಟಿಗೆಯೂ ನಾದವೂ

ನಮ್ಮ ಉತ್ತರ ಕರ್ನಾಟಕದ ಜನ ಹಾರ್ಮೋನಿಯಮ್ಮನ್ನು ‘ಪೇಟಿ’ ಎನ್ನುತ್ತಾರೆ. ಅದನ್ನು ನುಡಿಸುವವರು ಪೇಟಿ ಮಾಸ್ತರರು. ಪೇಟಿಯೆಂದರೆ ಪೆಟ್ಟಿಗೆಯೇ, ಬೇರೆ ಅರ್ಥವಿಲ್ಲ. ತಂಬೂರಿಯನ್ನು ಯಾರೂ ಸೋರೆಬುರುಡೆಯೆಂದು ಕರೆಯಲಿಲ್ಲ. ಹಾರ್ಮೋನಿಯಮ್ಮಿಗೆ ಮಾತ್ರ ಅದರ ಹೊರಕವಚದ ಹೆಸರೇ ನಿಂತುಬಿಟ್ಟಿತು. ಇದು ಜನದ ಅಜಾಗರೂಕತೆಯೆಂದು ನಾನು ಬಹುಕಾಲ ಎಣಿಸಿದ್ದೆ. ನಾದ ಹುಟ್ಟುವುದು ಒಳಗಿನ ಹಿತ್ತಾಳೆಯ ನಾಲಗೆಗಳಲ್ಲಿ; ಪೆಟ್ಟಿಗೆ ಅದಕ್ಕೊಂದು ಹೊದಿಕೆಯಷ್ಟೆ ಎಂಬುದು ನನ್ನ ಭಾವನೆಯಾಗಿತ್ತು. ಈ ಬೇಸಗೆಯಲ್ಲಿ ನನ್ನ ಅಕ್ಕನ ಮಗ ಆ ಭಾವನೆಯನ್ನು ಕೆಡಿಸಿದ.

ಅಕ್ಕನ ಮನೆ ಕಮತಗಿಯಲ್ಲಿ. ಐಹೊಳೆಯನ್ನು ದಾಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮುನ್ನ ಹಾದುಹೋಗುವ ಊರು ಅದು. ಹೊಳೆ ಹುಚ್ಚೇಶ್ವರರ ಮಠ, ಮಗ್ಗದ ಸದ್ದು, ನಾಟಕದ ಹುಚ್ಚು ಇವು ಮೂರೂ ಆ ಊರಿನ ಗುರುತು. ಊರಿನ ಹೆಸರನ್ನು ಹೊತ್ತು ನಾಡಿನ ಜಾತ್ರೆಗಳಲ್ಲಿ ಡೇರೆ ಹೂಡಿದ ಹುಚ್ಚೇಶ್ವರ ನಾಟ್ಯ ಸಂಘವನ್ನು ಕಂಪನಿ ನಾಟಕ ಬಲ್ಲವರು ಅರಿಯದೆ ಇಲ್ಲ. ನಮ್ಮ ತಂದೆಯವರೂ ಕಂಪನಿಗಳಲ್ಲಿ ಪೇಟಿ ನುಡಿಸಿ ಬದುಕಿದವರು. ಅಕ್ಕನದು ಕುಣಿ ಮಗ್ಗ. ಅದರಲ್ಲಿ ಅವಳು ಇಳಕಲ್ ಸೀರೆ ನೇಯುತ್ತಾಳೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಳಿಯ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, “ಮಾಮಾ, ನನಗ ಒಂದು ಪೆಟ್ಟಿಗಿ ಬೇಕಾಗೇತ್ರಿ. ಅವ್ವಗ ನೀವ ಹೇಳಬೇಕ್ರಿ,” ಎಂದ.

ಬೇಕಾದುದು ಗಿಟಾರಿನ ಸ್ಪೀಕರ್ ಪೆಟ್ಟಿಗೆ. ಬಾಗಲಕೋಟೆಯಲ್ಲಿ ಓದುತ್ತಿದ್ದಾಗ ಅವನೂ ಮೂವರು ಗೆಳೆಯರೂ ಕೂಡಿ ಒಂದು ಮೇಳ ಕಟ್ಟಿಕೊಂಡಿದ್ದರು. ಲೆಡ್ ಜೆಪೆಲಿನ್, ಡೀಪ್ ಪರ್ಪಲ್, ಬ್ಲ್ಯಾಕ್ ಸ್ಯಾಬತ್ ಮೊದಲಾದವರ ರಾಕ್ ಸಂಗೀತ ಅವರ ಅಭ್ಯಾಸ. ನಡುನಡುವೆ ಶಿಶುನಾಳ ಶರೀಫರ ತತ್ತ್ವಪದಗಳೂ ಉಂಟು. ಕೈದಾಟಿ ಬಂದ 20 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಅವನು ಕೊಂಡಿದ್ದ. ಆದರೆ ಅದು ಬರಿಯ ತಲೆ. ಧ್ವನಿ ಹೊರಡಿಸಲು ಒಡಲು ಬೇಕು. ಬೆಂಗಳೂರಿನಲ್ಲಿ ಯಾರೋ ಹಳೆಯ ದೊಡ್ಡ ಪೆಟ್ಟಿಗೆಯೊಂದನ್ನು ಮಾರುತ್ತಿದ್ದರು. ಅಕ್ಕನ ಹತ್ತಿರ 20,000 ರೂಪಾಯಿ ಇತ್ತು. ಅದು ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಯನ್ನು ಸರಿಪಡಿಸಲೆಂದು ಸೀರೆಯಿಂದ ಸೀರೆಗೆ ಕೂಡಿಟ್ಟ ಹಣ.

ನಾನು ಮಾತೆತ್ತಿದಾಗ ಅಕ್ಕ ಲಾಳಿಯನ್ನು ನಿಲ್ಲಿಸಲಿಲ್ಲ. ನೇಯುತ್ತಲೇ ಹೇಳಿದಳು: “ತಮ್ಮಾ, ಒಂದು ಪೇಟಿ ಮಾರಿ ನಿನ್ನ ಓದಿಸಿದ್ವಿ. ಈಗ ಒಂದು ಪೆಟ್ಟಿಗಿ ಕೊಂಡು ಇವನ್ನ ಕಳಕೊಳ್ಳೂಣೇನು?”

ನಾನು ಧಾರವಾಡದಲ್ಲಿ ಎಂ.ಎ. ಓದಲು ಹೊರಟ ವರ್ಷ ತಂದೆಯವರ ಪೇಟಿ ಮಾರಾಟವಾಯಿತು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಆಡಿದ ಮೇಲೆ, ವಿಚಾರಿಸದೆ ತೀರ್ಪು ಹೇಳುವ ಧೈರ್ಯ ನನಗಾಗಲಿಲ್ಲ. “ಎಂಟು ದಿನ ಕೊಡು,” ಎಂದೆ. ಪಂಪ ರನ್ನರನ್ನು ಪಾಠ ಹೇಳಿ ಬದುಕುವವನು ಎಂಟು ದಿನ ಸ್ಪೀಕರುಗಳ ಶಾಸ್ತ್ರವನ್ನು ಓದಿದೆ. ಅಳಿಯನೇ ಗುರು.

ನನ್ನ ಮೊದಲ ಪ್ರಶ್ನೆ ಸಹಜವಾದುದೇ ಆಗಿತ್ತು. ಊರಿನಲ್ಲಿ ಮದುವೆ ಮುಂಜಿಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವರು ಬೇಕಾದಷ್ಟು ಮಂದಿ ಇರುವಾಗ ಪ್ರತ್ಯೇಕ ಪೆಟ್ಟಿಗೆ ಏತಕ್ಕೆ? ಉತ್ತರ ಕೇಳಿ ಬೆರಗಾದೆ. ಸಭೆಯ ಧ್ವನಿವರ್ಧಕದ ಧರ್ಮ ಕೊಟ್ಟದ್ದನ್ನು ಕೊಟ್ಟಂತೆಯೇ ಒಪ್ಪಿಸುವುದು. ಗಿಟಾರಿನ ಸ್ಪೀಕರಿನ ಧರ್ಮ ಹಾಗೆ ಒಪ್ಪಿಸದಿರುವುದು. ವಾಲ್ವ್ ಆಂಪ್ಲಿಫೈಯರನ್ನು ಅದರ ಶಕ್ತಿಯ ತುದಿಗೆ ಒಯ್ದಾಗ ಅಲೆಗಳ ನೆತ್ತಿ ಕತ್ತರಿಸಿದಂತಾಗಿ ಲೆಕ್ಕವಿಲ್ಲದಷ್ಟು ಉಪಸ್ವರಗಳು ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಜವಾರಿ ಹಿಡಿಯುವುದನ್ನು ಕಂಡವರಿಗೆ ಉಪಸ್ವರದ ಮಹಿಮೆ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಹುಟ್ಟುವ ಉಪಸ್ವರಗಳು ಒರಟು. ಅವನ್ನು ಇದ್ದಂತೆಯೇ ಕೇಳಿದರೆ ತಗಡನ್ನು ಮೊಳೆಯಿಂದ ಕೆರೆದ ಹಾಗೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸಿನವರೆಗೆ ಕೇಳಬಲ್ಲುದು. ಗಿಟಾರಿನ ಹನ್ನೆರಡು ಅಂಗುಲದ ಸ್ಪೀಕರು ಸುಮಾರು 5,000ಕ್ಕೆ ಬಂದು ಸೋಲುತ್ತದೆ. ಆ ಸೋಲೇ ಅದರ ಗುಣ. ಕಾಗದದ ಶಂಕುವೊಂದು ಒರಟನ್ನು ಸೋಸಿ, ಮಾಧುರ್ಯವನ್ನೂ ಗುಡುಗನ್ನೂ ಉಳಿಸಿಕೊಡುತ್ತದೆ.

ಈ ಕಾಗದದ ಕಥೆಗಳೂ ಸ್ವಾರಸ್ಯವಾದುವು. 1964ರಲ್ಲಿ ‘ಕಿಂಕ್ಸ್’ ಮೇಳದ ಡೇವ್ ಡೇವಿಸ್ ಎಂಬ ಹುಡುಗ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಕ್ಷೌರದ ಬ್ಲೇಡಿನಿಂದ ಸೀಳಿದ. ಅದರಿಂದ ಹೊರಟ ಹರಕು ದನಿ ಲೋಕದ ಮನಸ್ಸನ್ನು ಹಿಡಿಯಿತು. ಅದಕ್ಕೆ ಎರಡು ವರ್ಷ ಮೊದಲು, 1962ರಲ್ಲಿ, ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ವಾದ್ಯದಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ತಮ್ಮ ಮೊದಲ ಆಂಪ್ಲಿಫೈಯರನ್ನು ಹೊರತಂದರು. ಅವರ ಮುಂದಿದ್ದ ಮಾದರಿ ಅಮೆರಿಕದ ಫೆಂಡರ್ ಬ್ಯಾಸ್‌ಮನ್. ಹತ್ತು ಅಂಗುಲದ ನಾಲ್ಕು ಸ್ಪೀಕರುಗಳ, ಬೆನ್ನು ತೆರೆದ ಪೆಟ್ಟಿಗೆ. ಮಾರ್ಷಲ್ ಹನ್ನೆರಡು ಅಂಗುಲದ ಸೆಲೆಶ್ಚನ್ ಸ್ಪೀಕರುಗಳನ್ನು ಹಿಡಿದರು. ಆ ಕಾಲದ ಒಂದೊಂದು ಸ್ಪೀಕರೂ ತಾಳುತ್ತಿದ್ದುದು ಹದಿನೈದಿಪ್ಪತ್ತು ವ್ಯಾಟು ಮಾತ್ರ. ಒಂದೆರಡರ ಮೇಲೆ ಭಾರ ಹೇರಿದರೆ ಸುಟ್ಟುಹೋಗುತ್ತಿದ್ದುವು. ಆದುದರಿಂದ ನಾಲ್ಕನ್ನು ಹೂಡಿ ಬೆನ್ನನ್ನು ಮುಚ್ಚಿದರು. ಭಾರ ಎಳೆಯಲು ನಾಲ್ಕೆತ್ತು ಕಟ್ಟಿದಂತೆ! ರಾಕ್ ಸಂಗೀತದ ಘನಗಂಭೀರ ನಾದವೆಂದು ಇಂದು ಲೋಕ ಕೊಂಡಾಡುವುದು ಮೂಲತಃ ಸ್ಪೀಕರುಗಳ ದೌರ್ಬಲ್ಯಕ್ಕೆ ಕಂಡುಕೊಂಡ ಪರಿಹಾರ. ಅನಂತರ ‘ದಿ ಹೂ’ ಮೇಳದ ಪೀಟ್ ಟೌನ್‌ಶೆಂಡ್ ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆ ಬೇಕೆಂದರು. ಹೊರುವವರ ಬೆನ್ನು ಮುರಿಯುವಂತಾಗಿ ಅದನ್ನು ಎರಡಾಗಿ ಮಾಡಿ ಒಂದರ ಮೇಲೊಂದು ಇಟ್ಟರು. ರಾಕ್ ರಂಗಸ್ಥಳದ ಮೇಲೆ ಗೋಪುರದಂತೆ ಕಾಣುವ ಪೆಟ್ಟಿಗೆಗಳ ಜೋಡಿ ಹುಟ್ಟಿದ್ದು ಹೀಗೆ.

ಅಳಿಯನ ಮನಸ್ಸು ಸಿಕ್ಕಿಕೊಂಡಿದ್ದುದು ಈ ಗೋಪುರದಲ್ಲಿ. ನಮ್ಮ ರಾಜಧಾನಿಯ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ಮೇಳವೂ 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಮೇಳವೂ ನುಡಿಸಿದುವು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಮೇಳ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ನುಡಿಸಿತು. ಇವುಗಳ ಚಿತ್ರಗಳನ್ನು ನೋಡಿ ಬೆಳೆದ ಹುಡುಗನಿಗೆ ನಾಲ್ಕು ಸ್ಪೀಕರಿಗಿಂತ ಕಡಮೆಯದು ಆಟಿಗೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಅವನೇ ಇನ್ನೊಂದು ಗುಟ್ಟನ್ನೂ ಹೇಳಿದ. ದೊಡ್ಡ ಸಭೆಗಳಲ್ಲಿ ಜನ ಕೇಳುವುದು ಆ ಗೋಪುರವನ್ನಲ್ಲ. ಒಂದು ಸ್ಪೀಕರಿನ ಮುಂದೆ ಒಂದು ಮೈಕನ್ನು ಇಟ್ಟು, ಅದರ ದನಿಯನ್ನು ಸಭೆಯ ಧ್ವನಿವರ್ಧಕಗಳಿಗೆ ಕಳಿಸುತ್ತಾರೆ. ಎಷ್ಟೋ ರಂಗಸ್ಥಳಗಳ ಗೋಪುರದಲ್ಲಿ ಹಲವು ಪೆಟ್ಟಿಗೆಗಳಿಗೆ ತಂತಿಯ ಸಂಬಂಧವೇ ಇರುವುದಿಲ್ಲ. ನಮ್ಮ ಕಂಪನಿ ನಾಟಕದ ಅರಮನೆಯ ಪರದೆ ಇದ್ದಂತೆ, ಅವು ನೋಟಕ್ಕೆ.

“ಹಂಗಿದ್ರ ನಿನಗ ನಾಕು ಯಾಕೋ?” ಎಂದೆ. ಹುಡುಗ ನಕ್ಕ, ಉತ್ತರ ಕೊಡಲಿಲ್ಲ.

ಇಲ್ಲಿಂದ ನಮ್ಮ ಲೆಕ್ಕಾಚಾರ ಮೊದಲಾಯಿತು. ನಾಲ್ಕು ಸ್ಪೀಕರಿನ ಪೆಟ್ಟಿಗೆಯ ತೂಕ 35 ಕಿಲೋಗ್ರಾಮಿನ ಆಜುಬಾಜು. ಅದನ್ನು ಬಸ್ಸಿಗೆ ಏರಿಸಿ ಇಳಿಸುವವರು ಯಾರು? ಎರಡನೆಯದಾಗಿ ದನಿಯ ಪ್ರಮಾಣ. ಸ್ಪೀಕರಿನ ಬೆನ್ನ ಮೇಲೆ ‘100 ಡೆಸಿಬೆಲ್’ ಎಂದಿದ್ದರೆ, ಒಂದು ವ್ಯಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ದನಿ ಹೊರಡುತ್ತದೆಂದು ಅರ್ಥ. ಶಕ್ತಿ ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬೆಲ್. ಆ ಲೆಕ್ಕದಲ್ಲಿ 20 ವ್ಯಾಟಿಗೆ 113 ಆಯಿತು. ವಸತಿ ಪ್ರದೇಶದಲ್ಲಿ ಹಗಲು 55, ಇರುಳು 45 ಡೆಸಿಬೆಲ್ ಮಿತಿಯೆಂದೂ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದೂ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಿಧಿಸುತ್ತವೆ. ಒಂದೇ ವ್ಯಾಟಿನಿಂದ ನೆರೆಮನೆಯವರ ನಿದ್ದೆ ಕೆಡಿಸಬಲ್ಲವನಿಗೆ ಗೋಪುರದ ಅಗತ್ಯವಿಲ್ಲವೆಂಬುದು ಸಿದ್ಧವಾಯಿತು. ಇನ್ನು ಮೂರು ಡೆಸಿಬೆಲ್ ಹೆಚ್ಚು ಸೂಕ್ಷ್ಮವಾದ ಸ್ಪೀಕರನ್ನು ಆರಿಸಿದರೆ ಇಮ್ಮಡಿ ಶಕ್ತಿಯ ಆಂಪ್ಲಿಫೈಯರ್ ಕೊಂಡಷ್ಟೇ ಫಲ. ಇದನ್ನು ಅರಿಯದೆ ವ್ಯಾಟಿನ ಸಂಖ್ಯೆಗೆ ಮರುಳಾಗಿ ಹಣ ಕಳೆದುಕೊಳ್ಳುವವರೇ ಹೆಚ್ಚು.

ಹಾಗಾದರೆ ಒಂದೇ ಸ್ಪೀಕರ್ ಸಾಲದೆ? ಸಾಲಬಹುದು, ಆದರೆ ಅವನ ಹಾಡುಗಳು ಎರಡು ಬಗೆಯವು. ಹಳೆಯ ರಾಕಿಗೆ ನಯವಾದ ಕಂಠ ಬೇಕು. ‘ಹೆವಿ’ ಎಂದು ಅವರು ಕರೆಯುವ ಘನವಾದ ನುಡಿಸಾಣಿಕೆಗೆ ಬಿಗಿಯಾದ ತಳ, ಮದ್ದಳೆಗಳ ನಡುವೆಯೂ ಕೇಳಿಬರುವ ಮಧ್ಯಸ್ಥಾಯಿ ಬೇಕು. ಸೆಲೆಶ್ಚನ್ನಿನ ‘ಗ್ರೀನ್‌ಬ್ಯಾಕ್’ ಎಂಬ ಹಸಿರು ಬೆನ್ನಿನ ಸ್ಪೀಕರು ಅರುವತ್ತರ ದಶಕದ ಕೂಸು. ತಾಳುವುದು 25 ವ್ಯಾಟು, ದನಿ 98 ಡೆಸಿಬೆಲ್, ಸ್ವಭಾವ ಮೃದು. 1986ರ ‘ವಿಂಟೇಜ್ 30’ ಹೆಸರಿಗೆ 30 ಆದರೂ 60 ವ್ಯಾಟ್ ತಾಳುತ್ತದೆ. ದನಿ 100 ಡೆಸಿಬೆಲ್, ಮಧ್ಯಸ್ಥಾಯಿ ಎದ್ದು ನಿಲ್ಲುತ್ತದೆ. 75 ವ್ಯಾಟಿನ ‘ಜಿ12ಟಿ-75’ ಎಂಬುದೊಂದುಂಟು. ಅದರಲ್ಲಿ ತಳವೂ ತುದಿಯೂ ಮುಂದು, ಮಧ್ಯ ಹಿಂದು. ನಾವು ಒಂದು ಗ್ರೀನ್‌ಬ್ಯಾಕ್, ಒಂದು ವಿಂಟೇಜ್ 30 ಎಂದು ನಿಶ್ಚಯಿಸಿದೆವು. ಬೇರೆ ಬೇರೆ ಸ್ಪೀಕರುಗಳನ್ನು ಕೂಡಿಸುವಾಗ ನೆನಪಿಡಬೇಕಾದುದಿಷ್ಟೆ: ಜೋಡಿಯ ತಾಳಿಕೆಯನ್ನು ದುರ್ಬಲನ ಲೆಕ್ಕದಲ್ಲಿ ಅಳೆಯಬೇಕು. ಇಲ್ಲಿ 25ರ ಎರಡರಷ್ಟು, 50 ವ್ಯಾಟ್. 20 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಮೈಮರೆತು ಹೆಚ್ಚು ಕೊಟ್ಟರೂ ಭಯವಿಲ್ಲ. 50 ವ್ಯಾಟಿನದಾಗಿದ್ದರೆ ಈ ಜೋಡಿಯನ್ನು ಒಪ್ಪುತ್ತಿರಲಿಲ್ಲ.

ವಿದ್ಯುತ್ತಿನ ತಡೆಯ ಲೆಕ್ಕವೂ ಇದೆ. 16 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 8 ಓಮ್. 8 ಓಮಿನವಾದರೆ 4. ಆಂಪ್ಲಿಫೈಯರಿನ ಬೆನ್ನಮೇಲೆ ಬರೆದ ಸಂಖ್ಯೆಗೆ ಇದು ಹೊಂದಬೇಕು. ವಾಲ್ವಿನ ಯಂತ್ರವನ್ನು ಸ್ಪೀಕರ್ ಜೋಡಿಸದೆ ಎಂದೂ ನುಡಿಸಕೂಡದು. ಹೊರಗೆ ಹೋಗಲು ದಾರಿ ಕಾಣದ ಶಕ್ತಿ ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು.

ಉಳಿದದ್ದು ಪೆಟ್ಟಿಗೆ. ಊರಲ್ಲಿ ಮಗ್ಗ ಕಟ್ಟುವ ಬಡಿಗೇರ ಅಜ್ಜನಿರುವಾಗ ಬೆಂಗಳೂರಿನಿಂದ ಮರ ಹೊತ್ತು ತರುವುದೇತಕ್ಕೆ? ಅಜ್ಜ ಕೆಲಸ ಒಪ್ಪಿಕೊಂಡ; ಆದರೆ ಶಾಸ್ತ್ರ ಒಪ್ಪಲಿಲ್ಲ. “ಮಾಸ್ತರ, ತೆಳ್ಳನ ಸಾಗವಾನಿ ಹಾಕೂಣ್ರಿ. ಮರ ಹಾಡಬೇಕು,” ಎಂದ. ತಂಬೂರಿಗೆ ಅವನ ಮಾತು ದಿಟ. ತಂಬೂರಿಯಲ್ಲಿ ತಂತಿಯ ಕಂಪನವನ್ನು ಬುರುಡೆಯೇ ಹೊತ್ತು ಹಾಡುತ್ತದೆ. ಇಲ್ಲಿ ಹಾಡುವುದು ಕಾಗದ. ಪೆಟ್ಟಿಗೆಯ ಕೆಲಸ ಬೇರೆ. ಕಾಗದ ಮುಂದಕ್ಕೆ ಸರಿದಾಗ ಮುಂದಣ ಗಾಳಿ ಒತ್ತುತ್ತದೆ, ಹಿಂದಣ ಗಾಳಿ ಸಡಿಲುತ್ತದೆ. ಈ ಎರಡು ಅಲೆಗಳೂ ಪರಸ್ಪರ ವಿರುದ್ಧ; ಸುತ್ತಿ ಬಂದು ಕೂಡಿದರೆ ಒಂದನ್ನೊಂದು ನುಂಗಿಹಾಕುತ್ತವೆ. ಗಿಟಾರಿನ ಅತಿ ಮಂದ್ರ ತಂತಿ 82 ಹರ್ಟ್ಸಿನಲ್ಲಿ ನುಡಿಯುತ್ತದೆ. ಅದರ ಅಲೆಯ ಉದ್ದ ಸುಮಾರು 4.2 ಮೀಟರ್. ಅಷ್ಟು ಉದ್ದದ ಅಲೆ ಪುಟ್ಟ ಹಲಗೆಯ ಅಂಚನ್ನು ಲೀಲಾಜಾಲವಾಗಿ ಬಳಸಿ ಬರುತ್ತದೆ. ಆದುದರಿಂದಲೇ ಬಯಲಿನಲ್ಲಿ ಹಿಡಿದ ಸ್ಪೀಕರಿಗೆ ತಳವೇ ಇರುವುದಿಲ್ಲ. ಹಿಂದಣ ಅಲೆಯನ್ನು ಸೆರೆಹಿಡಿಯುವುದು ಪೆಟ್ಟಿಗೆಯ ಧರ್ಮ. ಬೆನ್ನು ಮುಚ್ಚಿದರೆ ತಳ ಬಿಗಿಯಾಗುತ್ತದೆ, ದನಿ ನೇರವಾಗಿ ಮುಂದಕ್ಕೆ ಹೊಡೆಯುತ್ತದೆ. ಘನವಾದ ನುಡಿಸಾಣಿಕೆಗೆ ಅದು ಬೇಕು. ಬೆನ್ನು ತೆರೆದರೆ ತಳ ಸ್ವಲ್ಪ ಕರಗಿ, ದನಿ ಕೋಣೆಯನ್ನೆಲ್ಲ ತುಂಬುತ್ತದೆ.

ಇದನ್ನೆಲ್ಲ ಕೇಳಿ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಿದ್ರ ಹಿಂದಿನ ಹಲಗಿ ಮೂರು ತುಂಡು ಮಾಡತೀನ್ರಿ. ನಡುವಿಂದು ಬಿಚ್ಚಿ ಹಾಕೂ ಹಂಗ ಇರಲಿ,” ಎಂದ. ಎಂಟು ದಿನದ ನನ್ನ ಓದಿನಲ್ಲಿ ಹೊಳೆಯದ ಪರಿಹಾರ ಅವನಿಗೆ ಎಂಟು ನಿಮಿಷದಲ್ಲಿ ಹೊಳೆಯಿತು. ಹೀಗೆ ಮಾಡುವವರು ಹೊರದೇಶಗಳಲ್ಲಿಯೂ ಇದ್ದಾರೆಂದು ಅಳಿಯ ಆಮೇಲೆ ಹೇಳಿದ.

ಮರದ ಪುಡಿ ಒತ್ತಿ ಮಾಡಿದ ಹಲಗೆ ಅಗ್ಗ. ಆದರೆ ತಿರುಪನ್ನು ಹಿಡಿಯುವುದಿಲ್ಲ, ತೇವಕ್ಕೆ ಉಬ್ಬುತ್ತದೆ. ಒಳಗೆ ಸಂದಿಲ್ಲದ 18 ಮಿಲಿಮೀಟರ್ ಪ್ಲೈವುಡ್ಡನ್ನೇ ತಂದೆವು. ಅಗಲ 30 ಅಂಗುಲ, ಎತ್ತರ 20, ಆಳ 12. ಮುಂದಣ ಹಲಗೆಯಲ್ಲಿ 283 ಮಿಲಿಮೀಟರ್ ವ್ಯಾಸದ ಎರಡು ಕಿಂಡಿ. ಮೂಲೆಗಳಿಗೆ ಬೆರಳಿಗೆ ಬೆರಳು ಕೂಡಿಸಿದಂಥ ಬೆಸುಗೆ. ಅಜ್ಜ ಗೆಣ್ಣಿನಿಂದ ಬಡಿದು ಬಡಿದು ಎಲ್ಲಿ ಹಲಗೆ ಗುಂಯ್ ಎಂದಿತೋ ಅಲ್ಲಿ ಒಳಗಿನಿಂದ ಪಟ್ಟಿ ಕೊಟ್ಟ. ಮರ ಹಾಡಬೇಕೆಂದವನೇ ಮರದ ಬಾಯಿ ಕಟ್ಟಿದ.

ಸ್ಪೀಕರುಗಳಲ್ಲಿ ಒಂದು ಅಳಿಯನ ಉಳಿತಾಯದಿಂದ, ಇನ್ನೊಂದು ನನ್ನಿಂದ ಬಂದಿತು. ಅಕ್ಕನ 20,000 ರೂಪಾಯಿ ಮುಟ್ಟಲಿಲ್ಲ. ಜೂನ್ ಮೊದಲ ವಾರ ಮಾಳಿಗೆ ರಿಪೇರಿಯಾಯಿತು. ನಾನು ಕೊಟ್ಟ ಹಣದಿಂದ ತಂದೆಯವರ ಪೇಟಿಯ ಋಣ ತೀರಿತೆಂದು ನಾನು ಹೇಳುವುದಿಲ್ಲ; ಅಕ್ಕನೂ ಹೇಳಲಿಲ್ಲ. ಅವಳು ಆ ದಿನಗಳಲ್ಲಿ ಹೆಚ್ಚು ಮಾತೇ ಆಡಲಿಲ್ಲ.

ಜೋಡಿಸುವ ದಿನ ಎರಡೂ ಸ್ಪೀಕರುಗಳು ಒಂದೇ ದಿಕ್ಕಿಗೆ ಚಲಿಸುತ್ತವೆಯೇ ಎಂದು ಪರೀಕ್ಷಿಸಬೇಕಾಗಿತ್ತು. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ ಮತ್ತೆ ಪರಸ್ಪರ ನುಂಗಾಟವೇ. ಅದಕ್ಕೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲು ಸಾಕು. ಅಳಿಯ ತಂತಿ ಮುಟ್ಟಿಸಿದೊಡನೆ ಎರಡು ಕಾಗದಗಳೂ ಉಸಿರೆಳೆದ ಎದೆಯಂತೆ ಮುಂದಕ್ಕೆ ಬಂದುವು. ಅಕ್ಕ ಮಗ್ಗದಿಂದ ಎದ್ದು ಬಂದು ನೋಡಿದಳು. “ಇನ್ನೊಮ್ಮೆ ಮುಟ್ಟಿಸು,” ಎಂದಳು.

“ಅವ್ವಾ, ಮುಂದ ಒಂದು ಅರಿವಿ ಬೇಕು. ಕಾಗದಕ್ಕ ಧೂಳ ಬೀಳಬಾರದು, ಧ್ವನಿನೂ ತಡೀಬಾರದು,” ಎಂದು ಅವನೆಂದಾಗ ಅಕ್ಕ ಒಂದು ಸೀರೆಯ ತುಂಡು ತಂದುಕೊಟ್ಟಳು. ಬಟ್ಟೆಗೆ ಬಾಯಿಟ್ಟು ಊದಿ ನೋಡುವುದೇ ಇದಕ್ಕೆ ಪರೀಕ್ಷೆ: ಉಸಿರು ದಾಟಿದರೆ ನಾದವೂ ದಾಟುತ್ತದೆ. ಇಳಕಲ್ಲಿನ ನೇಯ್ಗೆ ಬಿಗಿ, ಉಸಿರು ದಾಟಲಿಲ್ಲ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಾನೂ ಒಮ್ಮೆ ಊದಿದಳು. ಮರುವಾರ ಹೋದಾಗ ಹಣಿಗೆಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಎಳೆ ಸೇರಿಸಿ, ಕಪ್ಪು ಹಾಸಿಗೆ ಬಿಳಿ ಹೊಕ್ಕು ಕೊಟ್ಟು, ಜಾಳಾದ ಒಂದೂವರೆ ಗಜ ನೂಲಿನ ಬಟ್ಟೆಯನ್ನು ನೇಯ್ದಿಟ್ಟಿದ್ದಳು. ಯಾರೂ ಕೇಳಿರಲಿಲ್ಲ.

ಪೆಟ್ಟಿಗೆ ಮೊದಲ ಸಲ ನುಡಿದುದು ಒಂದು ಭಾನುವಾರದ ಸಂಜೆ. ನಡುವಿನ ಹಲಗೆ ತೆಗೆದು ಅಳಿಯ ಶರೀಫರ ಪದವೊಂದರ ಧಾಟಿಯನ್ನು ನುಡಿಸಿದ, ಪಡಸಾಲೆಯೆಲ್ಲ ತುಂಬಿತು. ಹಲಗೆ ಹಾಕಿ ಇಂಗ್ಲಿಷ್ ಹಾಡಿನ ಘನವಾದ ಪಲುಕನ್ನು ನುಡಿಸಿದ. ಎದೆಯ ಗೂಡಿಗೆ ಬಡಿದಂತಾಯಿತು. ಕರಡಿ ಮಜಲಿನ ಮುಂದೆ ನಿಂತಾಗ ಆಗುವ ಅನುಭವ ಅದು. ನನಗೆ ಆ ಸಂಗೀತ ಪೂರ್ತಿ ಒಲಿಯಿತೆಂದು ಹೇಳಲಾರೆ. ಅದು ಬರಿಯ ಗದ್ದಲವೆಂದು ಇನ್ನು ಮುಂದೆ ತರಗತಿಯಲ್ಲಿ ಹೇಳಲಾರೆನೆಂಬುದೂ ಅಷ್ಟೇ ನಿಜ.

ಆಗಸ್ಟಿನಲ್ಲಿ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅಕ್ಕನ ಭಯ ಸುಳ್ಳಾಗಲಿಲ್ಲ. ಆದರೆ ಅವನನ್ನು ಒಯ್ದದ್ದು ಪೆಟ್ಟಿಗೆಯಲ್ಲ, ಸಂಬಳ. ಬಾಡಿಗೆಯ ಕೋಣೆಯಲ್ಲಿ ಆ ದನಿಗೆ ಎಡೆಯಿಲ್ಲ. ಗಿಟಾರನ್ನು ಒಯ್ದ, ತಲೆಯನ್ನೂ ಒಡಲನ್ನೂ ಬಿಟ್ಟುಹೋದ. ತಂದೆಯವರ ಪೇಟಿ ಇರುತ್ತಿದ್ದ ಮೂಲೆಯಲ್ಲಿಯೇ ಈಗ ಅದು ಇದೆ. ಬೇರೆ ಜಾಗವಿರಲಿಲ್ಲ.

ಮೊನ್ನೆ ಕಮತಗಿಗೆ ಹೋಗಿದ್ದಾಗ ಅಕ್ಕ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು. “ದೀಪಾವಳಿಗೆ ಬರ್ತಾನಂತ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಕೇಳಿದಳು: “ತಮ್ಮಾ, ಹಿಂದಿನ ನಡುವಿನ ಹಲಗಿ ಈಗ ಬಿಚ್ಚಿ ಇಡಲೇನು? ಮೊದಲ ಆ ಪದಾನ ಬಾರಸಲಿ.”